ಏಳನೆಯ ಕಂಬ

ಅಕ್ಕನ ಬೆನ್ನು ನನಗೆ ಗೊತ್ತಿರುವಷ್ಟು ಅವರ ಗಂಡನಿಗೂ ಗೊತ್ತಿರಲಿಕ್ಕಿಲ್ಲ. ಐದು ವರ್ಷದಿಂದ ವಾರಕ್ಕೆ ನಾಲ್ಕು ಬೆಳಗ್ಗೆ, ಒಂದು ಮೊಳ ದೂರದಲ್ಲಿ, ಅದನ್ನೇ ನೋಡುತ್ತಾ ಸೈಕಲ್ ತುಳಿದವಳು ನಾನು. ಅವರ ಎಡ ಭುಜ ಬಲ ಭುಜಕ್ಕಿಂತ ಒಂದು ಬೆರಳು ಕೆಳಗಿದೆ. ಸೊಂಟದ ಹತ್ತಿರ ಅಂಗಿಯ ಹೊಲಿಗೆ ಬಿಟ್ಟಲ್ಲಿ ನಾನೇ ಹಾಕಿಕೊಟ್ಟ ತೇಪೆ ಇದೆ. ಸುಸ್ತಾದಾಗ ಕತ್ತು ಆಮೆಯ ಹಾಗೆ ಒಳಗೆ ಸೇರಿಕೊಳ್ಳುತ್ತದೆ.

ಅವರು ನನ್ನ ಒಡಹುಟ್ಟಿದ ಅಕ್ಕ ಅಲ್ಲ. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ನಾವಿಬ್ಬರೂ ಬೆಡ್‌ಶೀಟು ಮಡಿಸುತ್ತೇವೆ. ಇಸ್ತ್ರಿ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದ ಶೀಟಿನ ಎರಡು ಮೂಲೆ ಅವರ ಕೈಯಲ್ಲಿ, ಎರಡು ಮೂಲೆ ನನ್ನ ಕೈಯಲ್ಲಿ. ಎಳೆದು ಒದರಬೇಕು, ಅರ್ಧಕ್ಕೆ ಮಡಿಸಬೇಕು, ನಡೆದು ಹತ್ತಿರ ಬಂದು ಮೂಲೆಗೆ ಮೂಲೆ ಕೊಡಬೇಕು, ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ನಾನೂರು ಶೀಟು. ಮಾತು ಬೇಕಾಗುವುದಿಲ್ಲ. ಅವರು ಯಾವಾಗ ಹೆಜ್ಜೆ ಹಾಕುತ್ತಾರೆಂದು ಬಟ್ಟೆಯ ಎಳೆತದಲ್ಲೇ ಗೊತ್ತಾಗುತ್ತದೆ.

ಅದಕ್ಕೇ ಆ ಕೆಲಸ ನನಗೆ ಹಿಡಿಸಿತು. ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ಫೇಲಾಗಿ ಅಲ್ಲ. ಎದ್ದು ನಿಂತು ಉತ್ತರ ಹೇಳು ಅಂದರೆ ಬೆಂಚಿನ ಅಂಚು ಹಿಡಿದು ನಿಂತುಬಿಡುತ್ತಿದ್ದೆ. ಉತ್ತರ ಗೊತ್ತಿದ್ದರೂ ನಿಂತಲ್ಲೇ ಬೆವರುತ್ತಿದ್ದೆ. ಅಮ್ಮ ಬೆನ್ನುನೋವಿನಿಂದ ಹಾಸಿಗೆ ಹಿಡಿದಾಗ, ಮನೆ ನೋಡಿಕೊಳ್ಳುವವರು ಯಾರು ಎಂಬ ನೆಪ ಸಿಕ್ಕಿತು. ಅಮ್ಮ ಎದ್ದು ಓಡಾಡುವಂತಾದರು. ನಾನು ಶಾಲೆಗೆ ವಾಪಸು ಹೋಗಲಿಲ್ಲ.

ಲಾಂಡ್ರಿಗೆ ಅಮ್ಮನ ಹಳೇ ಸೈಕಲಿನಲ್ಲಿ ಹೋಗುತ್ತಿದ್ದೆ. ಒಂದು ದಿನ ಅಕ್ಕ ತಮ್ಮ ತೆಳ್ಳನೆಯ ಟೈರಿನ ಸೈಕಲಿನಲ್ಲಿ ನನ್ನನ್ನು ದಾಟಿ ಹೋದರು. ಎದುರುಗಾಳಿ ಜೋರಾಗಿತ್ತು. ಅವರ ಹಿಂದೆ ಸೇರಿಕೊಂಡರೆ ಗಾಳಿ ತಟ್ಟುವುದಿಲ್ಲ ಎಂದು ತಿಳಿದು, ಲಾಂಡ್ರಿಯ ಗೇಟಿನವರೆಗೂ ಹಾಗೇ ಅಂಟಿಕೊಂಡು ಬಂದೆ. ಅವರು ಇಳಿದು ತಿರುಗಿ ನೋಡಿದರು.

"ಏನೇ, ಎಷ್ಟು ಹೊತ್ತಿಂದ ಹಿಂದೆ ಇದ್ದೆ?"

"ಸೇತುವೆಯಿಂದ."

"ಆ ತಗಡಿನ ಗಾಡೀಲಾ? ಉಸಿರಿನ ಸದ್ದೂ ಇಲ್ಲ! ದೆವ್ವ ಗಿವ್ವ ಅಲ್ಲ ತಾನೇ?"

ಆ ಭಾನುವಾರ ಒಂದು ಹಳೇ ರೇಸ್ ಸೈಕಲ್ಲು ಕೊಡಿಸಲು ನನ್ನನ್ನು ಸೈಕಲ್ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನನ್ನು ಎಲ್ಲರೂ ಪಂಪು ಮಾಮ ಅನ್ನುತ್ತಾರೆ. ನಮ್ಮೂರ ಸೈಕಲ್ ಕ್ಲಬ್ಬಿನ ಕಾರ್ಯದರ್ಶಿ, ಮೆಕ್ಯಾನಿಕ್ಕು, ರೇಸಿನ ದಿನ ಸೀಟಿ ಊದುವವನು, ಎಲ್ಲ ಅವನೇ. ಹೊಟ್ಟೆ ಎಷ್ಟು ದಪ್ಪ ಅಂದರೆ ಅವನು ಸೈಕಲ್ ಹತ್ತಿದ್ದನ್ನು ಯಾರೂ ನೋಡಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ಯಾರಮ್ಮ, ನಿನ್ನ ನೆರಳಾ?" ಅಂದ. ಅಲ್ಲಿಂದ ನನ್ನ ಹೆಸರು ನೆರಳು ಅಂತಲೇ ಆಯಿತು.

ಹಿಂದೆ ಬರುವವಳಿಗೆ ರಸ್ತೆ ಕಾಣುವುದಿಲ್ಲ. ಮುಂದಿನವರು ಗಾಳಿ ಸೀಳುತ್ತಾರೆ, ನಾವು ಅವರ ಮರೆಯಲ್ಲಿ ಬರುತ್ತೇವೆ. ಗುಂಡಿ ಬಂದರೆ, ಗಾಜಿನ ಚೂರಿದ್ದರೆ, ಅವರೇ ಕೈ ಕೆಳಗೆ ಚಾಚಿ ತೋರಿಸಬೇಕು. ತೋರಿಸದಿದ್ದರೆ ನಮ್ಮ ಹಲ್ಲು ರಸ್ತೆಯ ಮೇಲೆ. ಐದು ವರ್ಷದಲ್ಲಿ ಅಕ್ಕ ಒಂದು ಗುಂಡಿಯನ್ನೂ ನನಗೆ ತೋರಿಸದೆ ಬಿಟ್ಟಿಲ್ಲ.

ರೇಸಿನ ಕೊನೆಯಲ್ಲಿ ಮಾತ್ರ ಇದು ತಿರುಗುಮುರುಗು. ಕೊನೇ ಒಂದು ಕಿಲೋಮೀಟರಿನಲ್ಲಿ ನಾನು ಮುಂದೆ ಹೋಗುತ್ತೇನೆ, ಅಕ್ಕ ನನ್ನ ಮರೆಯಲ್ಲಿ ಕಾಲಿನ ಶಕ್ತಿ ಉಳಿಸಿಕೊಳ್ಳುತ್ತಾರೆ. ಮುಕ್ತಾಯದ ಗೆರೆಗೆ ಇನ್ನೂರು ಮೀಟರ್ ಇರುವಾಗ ಗೋಡೌನಿನ ಕೆಂಪು ಗೇಟು ಬರುತ್ತದೆ. ಅಲ್ಲಿ ನಾನು ಎಡಕ್ಕೆ ಸರಿಯಬೇಕು. ಅಕ್ಕ ಬಲಗಡೆ, ಜನರನ್ನು ತಡೆಯಲು ಇಟ್ಟ ಕಟಕಟೆಯ ಪಕ್ಕದಿಂದ ಬಾಣದ ಹಾಗೆ ನುಗ್ಗುತ್ತಾರೆ. "ನೋಡೋದು ನಿನ್ನ ಕೆಲಸ, ತುಳಿಯೋದು ನನ್ನ ಕೆಲಸ" ಅನ್ನುತ್ತಿದ್ದರು. ಆಗ ಅವರು ತಲೆಯನ್ನೇ ಎತ್ತುವುದಿಲ್ಲ. ನನ್ನ ಹಿಂದಿನ ಚಕ್ರ ಒಂದೇ ಅವರಿಗೆ ಕಾಣುವುದು.

ಅಭ್ಯಾಸಕ್ಕೆ ನಾವು ಹೋಗುವುದು ನೀರಿನ ಟ್ಯಾಂಕಿನ ಏರಿಗೆ. ಅಲ್ಲಿ ಹನ್ನೊಂದು ದೀಪದ ಕಂಬಗಳಿವೆ. ಆರನೆಯದರವರೆಗೂ ಅಕ್ಕ ಮೂಗಿನಲ್ಲೇ ಉಸಿರಾಡುತ್ತಾರೆ. ಏಳನೆಯ ಕಂಬದ ಹತ್ತಿರ ರಸ್ತೆ ಇದ್ದಕ್ಕಿದ್ದಂತೆ ಕಡಿದಾಗುತ್ತದೆ. ಅಲ್ಲಿ ಅವರ ಬಾಯಿ ತೆರೆದುಕೊಳ್ಳುತ್ತದೆ, "ಹಾ" ಅಂತ ಒಂದು ಸದ್ದು ಬರುತ್ತದೆ, ಎಡ ಭುಜ ತೂಗಲು ಶುರುವಾಗುತ್ತದೆ. ವರ್ಷಗಟ್ಟಲೆ ಹಾಗೇ. ಬೇಕಿದ್ದರೆ ಕಣ್ಣು ಮುಚ್ಚಿಕೊಂಡು ಆ ಕಂಬವನ್ನು ಹೇಳಬಲ್ಲೆ.

ಕಳೆದ ವರ್ಷ ಅಕ್ಕನಿಗೆ ಆಪರೇಷನ್ ಆಯಿತು. ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆದರು. ಬಿಳಿ ಶೀಟಿಗೂ ಅವರ ಮುಖಕ್ಕೂ ವ್ಯತ್ಯಾಸವಿಲ್ಲದಂತಾಗಿತ್ತು. ರಕ್ತ ಏರಲಿ ಅಂತ ಡಾಕ್ಟರು ಆರು ಇಂಜೆಕ್ಷನ್ ಕೊಟ್ಟರಂತೆ. ಆರು ತಿಂಗಳಾದ ಮೇಲೆ ಸೈಕಲ್ ಹತ್ತಿದರು. ಮೊದಲು ತಡವರಿಸಿದರು, ಆಮೇಲೆ ಸರಿಯಾದರು, ಆಮೇಲೆ ಸರಿಗಿಂತ ಹೆಚ್ಚಾದರು. ಒಂದು ಬೆಳಗ್ಗೆ ಏಳನೆಯ ಕಂಬ ಬಂತು, ಹೋಯಿತು. ಬಾಯಿ ತೆರೆಯಲಿಲ್ಲ. ಭುಜ ತೂಗಲಿಲ್ಲ. ಎಂಟು, ಒಂಬತ್ತು, ಹತ್ತು. ಹಿಂದೆ ನನ್ನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವರು ಟ್ಯಾಂಕಿನ ಹತ್ತಿರ ನಿಂತು ಹಾಡು ಗುನುಗುತ್ತಿದ್ದರು.

ನಲವತ್ತೊಂದು ವರ್ಷದ, ಹೊಟ್ಟೆ ಕೊಯ್ಸಿಕೊಂಡ ಹೆಂಗಸು. ನನಗೆ ಖುಷಿಯಾಗಬೇಕಿತ್ತು.

ಲಾಂಡ್ರಿಯಲ್ಲಿ ನಮ್ಮಿಬ್ಬರಿಗೂ ಒಂದೇ ಕಪಾಟು. ಅದರಲ್ಲಿ ಒಂದು ಸಣ್ಣ ಫ್ಲಾಸ್ಕು ಬಂದು ಕೂತಿತ್ತು. ಅಕ್ಕ ಚಹಾ ಕುಡಿಯುವುದಿಲ್ಲ. ಅವರು ಇಸ್ತ್ರಿ ಪ್ರೆಸ್ಸಿನ ಹತ್ತಿರ ಹೋದಾಗ ಮುಚ್ಚಳ ತೆಗೆದೆ. ಐಸು, ಐಸಿನ ನಡುವೆ ಪ್ಲಾಸ್ಟಿಕ್ಕು ಸುತ್ತಿದ ಒಂದು ಪುಟ್ಟ ಡಬ್ಬಿ. ಡಬ್ಬಿಯ ಮೇಲಿನ ಹೆಸರನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಪಂಪು ಮಾಮನ ಅಂಗಡಿಯಲ್ಲಿ ಟೈರುಗಳ ಪಕ್ಕ ಒಂದು ಪಟ್ಟಿ ಅಂಟಿಸಿದ್ದಾನೆ. ಸೈಕಲ್ ಸಂಘದವರು ಕಳಿಸಿದ್ದು, ತೆಗೆದುಕೊಳ್ಳಬಾರದ ಔಷಧಿಗಳದ್ದು. ಲಾಂಡ್ರಿಯಲ್ಲಿ ಹೋಟೆಲಿನ ಚೀಟಿಗೂ ಗಂಟಿನ ಚೀಟಿಗೂ ತಾಳೆ ನೋಡುವುದು ನನ್ನ ದಿನದ ಕೆಲಸ. ಹಾಗೇ ಒಂದೊಂದೇ ಅಕ್ಷರ ತಾಳೆ ನೋಡಿದೆ. ಮೂರನೇ ಸಾಲಿನಲ್ಲಿತ್ತು, ರಕ್ತ ಏರಿಸುವ ಇಂಜೆಕ್ಷನ್ ಅಂತ.

ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ಕಷ್ಟವಲ್ಲ. ಆದರೆ ಆ ದಿನದಿಂದ ಒಂದೇ ಭಯ. ಸಿಕ್ಕಿಬಿದ್ದರೆ? ಕ್ಲಬ್ಬಿನ ಹೆಂಗಸರಿಗೆಲ್ಲ ಸೈಕಲ್ ಹಿಡಿಯುವುದು ಕಲಿಸಿದವರು ಅಕ್ಕ. ಅವರ ಹೆಸರು ಅದೇ ಅಂಗಡಿಯ ಗೋಡೆಗೆ ಕಳ್ಳಿ ಅಂತ ಅಂಟಿಕೊಂಡರೆ ಅವರು ಉಳಿಯುತ್ತಾರೆಯೇ? ನನಗಾದರೂ ಬೇರೆ ಯಾರಿದ್ದಾರೆ?

ಇನ್ನೊಂದು ನೆನಪು ಬೇರೆ ಕಾಡುತ್ತಿತ್ತು. ಎರಡು ವರ್ಷದ ಹಿಂದೆ ಯಾರೋ ದೊಡ್ಡ ಸೈಕಲಿಗ ಔಷಧಿ ತೆಗೆದುಕೊಂಡು ಸಿಕ್ಕಿಬಿದ್ದದ್ದು ಟಿವಿಯಲ್ಲಿ ಬರುತ್ತಿತ್ತು. ಅಂಗಡಿಯಲ್ಲಿ ಎಲ್ಲರೂ ಸೇರಿದ್ದೆವು.

"ಪಾಪ, ಅವನಿಗೂ ಹೊಟ್ಟೆಪಾಡು," ಅಂದ ಪಂಪು ಮಾಮ. "ಗೆಲ್ಲದಿದ್ರೆ ಮನೆಗೆ ಕಳಿಸ್ತಾರೆ. ಎಲ್ಲರೂ ತಗೋತಾರೆ, ಇವನು ಸಿಕ್ಕಿಬಿದ್ದ ಅಷ್ಟೇ. ನನ್ನ ಕೇಳಿದ್ರೆ ಎಲ್ಲರಿಗೂ ಬಿಟ್ಬಿಡ್ಬೇಕು, ಬೇಕಾದೋರು ಚುಚ್ಕೊಳ್ಳಿ."

"ಆಹಾ, ಬಿಟ್ಬಿಟ್ರೆ ನಾಳೆ ಹದಿನಾರು ವರ್ಷದ ಹುಡುಗೀನೂ ಚುಚ್ಕೋಬೇಕು," ಅಂದರು ಟೀಚರಮ್ಮ. ಅವರು ನಮ್ಮ ಕ್ಲಬ್ಬಿನವರೇ, ಗಣಿತ ಹೇಳಿಕೊಡುತ್ತಾರೆ, ಪ್ರತಿ ರೇಸಿನಲ್ಲೂ ಮೂರನೆಯವರೋ ನಾಲ್ಕನೆಯವರೋ ಆಗುತ್ತಾರೆ. "ಒಬ್ಬಳು ಚುಚ್ಕೊಂಡ್ರೆ ಪಕ್ಕದವಳು ಸುಮ್ನೆ ಇರೋಕಾಗುತ್ತಾ?"

ಅಕ್ಕ ಎದ್ದು ಟಿವಿ ಆರಿಸಿದರು. "ಹೊಟ್ಟೆಪಾಡಿಗೆ ಮಾಡೋನ್ನ ಬೇಕಾದ್ರೆ ಕ್ಷಮಿಸ್ತೀನಿ ಮಾಮ. ನಮ್ಮಂಥೋರು ಮಾಡಿದ್ರೆ? ನಮಗೆ ಸಿಗೋದು ಒಂದು ಟವೆಲ್ಲು, ಒಂದು ಸರ್ಟಿಫಿಕೇಟು. ಅದಕ್ಕೆ ಯಾರಿಗೆ ಮೋಸ ಮಾಡ್ಬೇಕು? ಪಕ್ಕದಲ್ಲಿ ತುಳಿಯೋ ಗೆಳತಿಗಾ?"

ಆ ಮಾತು ಆಡಿದವರೇ ಈಗ ಫ್ಲಾಸ್ಕಿನಲ್ಲಿ ಐಸು ತರುತ್ತಿದ್ದರು.

ಸುಳ್ಳು ಹೇಳಬಾರದು, ಅವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಬಿಳಿ ಮುಖ ಕೆಂಪಗಾದದ್ದನ್ನು ನಾನು ಶೀಟಿನ ಆಚೆಯಿಂದ ದಿನಾ ನೋಡಿದ್ದೆ. ಆರನೆಯ ಇಂಜೆಕ್ಷನ್ ಮುಗಿದಾಗ ಏಳನೆಯದು ಬೇಡ ಅನ್ನುವುದು ಎಷ್ಟು ಕಷ್ಟ ಎಂದು ಊಹಿಸಬಲ್ಲೆ. ಸಿಟ್ಟು ಬಂದದ್ದು ಯಾವಾಗ ಅಂದರೆ, ಒಂದು ಭಾನುವಾರ ಅಕ್ಕ ಟ್ಯಾಂಕಿನ ಏರಿನಲ್ಲಿ ಟೀಚರಮ್ಮನನ್ನು ಹಿಂದೆ ಹಾಕಿದಾಗ. ಟೀಚರಮ್ಮ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿ, "ನನಗೆ ವಯಸ್ಸಾಯ್ತು ಕಣೆ, ಇನ್ನು ಬಿಡೋದೇ ವಾಸಿ" ಅಂದರು. ಅವರು ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವರು.

ಹಂಗಾಮು ಶುರುವಾಗುವ ಮೊದಲು ಪಂಪು ಮಾಮ ಸಂಘದ ಕಾಗದ ಓದಿದ್ದ. ಈ ಸಲ ಸಣ್ಣ ರೇಸುಗಳಿಗೂ ತಪಾಸಣೆಯವರು ಹೇಳದೆ ಕೇಳದೆ ಬರಬಹುದು. ಬಂದರೆ ಪ್ರತಿ ಗುಂಪಿನಲ್ಲಿ ಗೆದ್ದವರ ಮೂತ್ರ ಮಾತ್ರ ಪರೀಕ್ಷೆಗೆ.

"ಎರಡನೆಯವರ ಉಚ್ಚೆಗೆ ಬೆಲೆ ಇಲ್ಲ ಅಂದಂಗಾಯ್ತು," ಅಂದ ಮಾಮ. ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕರು. "ನಮ್ಮ ರೇಸಿಗೆ ನಾಯಿಗಳೂ ಬರಲ್ಲ, ತಪಾಸಣೆಯೋರು ಬರ್ತಾರಾ!"

ಬಂದರು.

ರೇಸು ಆರು ಸುತ್ತಿನದು. ಗೋಡೌನಿನ ಮುಂದಿನ ನೇರ ರಸ್ತೆಯಲ್ಲಿ ಶುರು, ಅಲ್ಲೇ ಮುಕ್ತಾಯ. ಮಧ್ಯೆ ನೀರಿನ ಟ್ಯಾಂಕಿನ ಏರು. ಹೆಂಗಸರು ಹತ್ತೊಂಬತ್ತು ಜನ. ನಾಲ್ಕನೇ ಸುತ್ತಿನ ಹೊತ್ತಿಗೆ ಐದೇ ಜನ ಮುಂದೆ ಉಳಿದಿದ್ದೆವು. ಗೆರೆ ದಾಟುವಾಗ ನಾನು ಅಭ್ಯಾಸದಂತೆ ಪಕ್ಕಕ್ಕೆ ನೋಡಿದೆ. ಮೂರನೇ ಸುತ್ತಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಈಗ ಒಂದು ಬಿಳಿ ವ್ಯಾನು ನಿಂತಿತ್ತು. ಮಡಚುವ ಮೇಜು, ಎರಡು ಕುರ್ಚಿ, ಒಂದು ನೀಲಿ ಪೆಟ್ಟಿಗೆ. ಗೋಡೌನಿನ ಶೌಚಾಲಯದ ಬಾಗಿಲಿಗೆ ಕಾಗದ ಅಂಟಿಸುತ್ತಿದ್ದ ಬೂದು ಕೋಟಿನ ಹೆಂಗಸು. ಅವಳ ಕೈಯಲ್ಲಿ ರಬ್ಬರಿನ ಗವುಸು.

ನನ್ನ ಕಾಲುಗಳು ಒಂದು ಕ್ಷಣ ತುಳಿಯುವುದನ್ನೇ ಮರೆತವು.

ಅಕ್ಕ ನೋಡಿರಲಿಲ್ಲ. ಅವರ ತಲೆ ಕೆಳಗಿತ್ತು. ನೋಡುವುದು ನನ್ನ ಕೆಲಸ ತಾನೆ.

ಐದನೇ ಸುತ್ತಿನ ಏರಿನಲ್ಲಿ ನಾನು ಅವರ ಪಕ್ಕಕ್ಕೆ ಬಂದೆ. ಟೀಚರಮ್ಮ ನಮ್ಮ ಹಿಂದೆಯೇ ಇದ್ದರು, ಅವರ ಹಿಂದೆ ಇನ್ನಿಬ್ಬರು. ಏನಂತ ಹೇಳಲಿ? ತಪಾಸಣೆಯವರು ಬಂದಿದ್ದಾರೆ ಅಂದರೆ, ನಿಮ್ಮ ಫ್ಲಾಸ್ಕು ನನಗೆ ಗೊತ್ತು ಅಂದಹಾಗೆ. ಅದೂ ಇನ್ನೂ ಮೂರು ಜನರ ಕಿವಿಯ ಮುಂದೆ. ಶಾಲೆಯ ಆ ಹಳೇ ಬೆವರು ಬಂತು.

"ಅಕ್ಕಾ," ಅಂದೆ.

"ಏನು?"

"ಅಕ್ಕಾ, ಅಲ್ಲಿ..."

"ಈಗ ಮಾತು ಬೇಡ. ನೀರು ಕುಡಿ, ಕಾಲು ಉಳಿಸ್ಕೋ. ಕೊನೇಲಿ ನೀನು ಬೇಕು ನಂಗೆ," ಅಂದು ಮುಂದೆ ಹೋದರು. ಏಳನೆಯ ಕಂಬ ದಾಟಿದರು, ಬಾಯಿ ಮುಚ್ಚಿಕೊಂಡೇ.

ಕೊನೇ ಸುತ್ತು ಪೂರ್ತಿ ಲೆಕ್ಕ ಹಾಕಿದೆ. ನಾನು ಹಿಂದುಳಿದರೆ? ಅಕ್ಕ ಒಬ್ಬರೇ ಹೋಗಿ ಗೆಲ್ಲುತ್ತಾರೆ, ಈ ಸಲ ಅವರ ಕಾಲಿಗೆ ಸಮನಾದವರು ಇಲ್ಲ. ಬೀಳಿಸುವುದಂತೂ ಆಗದ ಮಾತು. ನನ್ನ ಕೆಲಸವನ್ನು ನಾನು ಚೆನ್ನಾಗಿ ಮಾಡಿದರೆ, ಕೆಂಪು ಗೇಟಿನ ಹತ್ತಿರ ಎಡಕ್ಕೆ ಸರಿದರೆ, ನಾನೇ ಅವರನ್ನು ಕೈಹಿಡಿದು ಆ ಬೂದು ಕೋಟಿನವಳ ಮುಂದೆ ಒಪ್ಪಿಸಿದ ಹಾಗೆ.

ಸಿಕ್ಕಿಬೀಳಲಿ ಅನ್ನುವ ಯೋಚನೆಯೂ ಬಂತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ತಪ್ಪು ತಪ್ಪೇ. ಆದರೆ ಗುಂಡಿ ಕಂಡರೆ ಕೈ ತೋರಿಸಬೇಕು. ಹಿಂದೆ ಇರುವವರು ಒಳ್ಳೆಯವರೋ ಕೆಟ್ಟವರೋ ಎಂದು ಆಗ ಯಾರೂ ಕೇಳುವುದಿಲ್ಲ.

ಕೊನೇ ಕಿಲೋಮೀಟರಿಗೆ ನಾನು ಮುಂದೆ ಹೋದೆ. ಅಕ್ಕ ನನ್ನ ಚಕ್ರಕ್ಕೆ ಅಂಟಿಕೊಂಡರು. ಬಲಗಡೆ ಕಟಕಟೆಗೆ ಒಂದು ಗೇಣು ಬಿಟ್ಟು ಗೆರೆ ಎಳೆದ ಹಾಗೆ ತುಳಿದೆ. ಟೀಚರಮ್ಮ ಅಕ್ಕನ ಎಡಗಡೆಗೆ ಬಂದು ಸೇರಿದ್ದು ಅವರ ಟೈರಿನ ಸದ್ದಿನಿಂದ ತಿಳಿಯಿತು. ಕೆಂಪು ಗೇಟು ಬಂತು.

ನಾನು ಸರಿಯಲಿಲ್ಲ.

"ಸರಿಯೇ!" ಅಂತ ಅಕ್ಕ ಕೂಗಿದರು. "ಏಯ್, ಗೇಟು! ಸರಿಯೇ!"

ಹ್ಯಾಂಡಲ್ ಅಲುಗಿಸಲಿಲ್ಲ. ಯಾರ ದಾರಿಗೂ ಅಡ್ಡ ಹೋಗಲಿಲ್ಲ, ಇದ್ದ ಗೆರೆಯಲ್ಲೇ ಇದ್ದೆ. ಬಲಗಡೆ ಕಟಕಟೆ, ಎಡಗಡೆ ಟೀಚರಮ್ಮ, ಮುಂದೆ ನಾನು. ಅಕ್ಕನಿಗೆ ಹೋಗಲು ಜಾಗವಿರಲಿಲ್ಲ. ಬ್ರೇಕು ಕಿರುಗುಟ್ಟಿತು. ಅವರು ಹಿಂದೆ ಸರಿದು, ಟೀಚರಮ್ಮನನ್ನು ಸುತ್ತಿಕೊಂಡು, ರಸ್ತೆಯ ಮಧ್ಯದಿಂದ ಬಂದರು. ಆ ಬರುವಿಕೆಯ ವೇಗ! ಕಣ್ಣಂಚಿನಲ್ಲಿ ಅವರ ಮುಂದಿನ ಚಕ್ರ ಕಂಡಿತು, ನನ್ನ ಪೆಡಲಿನವರೆಗೆ ಬಂತು, ಮೊಣಕಾಲಿನವರೆಗೆ ಬಂತು. ಇನ್ನು ಹತ್ತು ಮೀಟರ್ ಇದ್ದಿದ್ದರೆ ನನ್ನ ಲೆಕ್ಕವೆಲ್ಲ ನೀರಿನಲ್ಲಿ ಹೋಗುತ್ತಿತ್ತು. ಅರ್ಧ ಚಕ್ರದ ಅಂತರದಲ್ಲಿ ನಾನು ಗೆದ್ದೆ. ಅಕ್ಕ ಎರಡು, ಟೀಚರಮ್ಮ ಮೂರು.

ಸೈಕಲ್ ನಿಲ್ಲಿಸುವಷ್ಟರಲ್ಲಿ ಅಕ್ಕ ಬಂದು ನನ್ನ ಹ್ಯಾಂಡಲ್ ಹಿಡಿದಿದ್ದರು.

"ಏನೇ ಮಾಡಿದೆ? ಏನು ಮಾಡಿದೆ ನೀನು? ಐದು ವರ್ಷ ಹಿಂದೆ ಕೂರಿಸ್ಕೊಂಡು ಗಾಳಿ ತಿಂದಿದ್ದು ಇದಕ್ಕಾ? ಕೇಳಿದ್ರೆ ನಾನೇ ಬಿಟ್ಕೊಡ್ತಿರಲಿಲ್ವಾ? ಬಾಯಿದ್ಯೋ ಇಲ್ವೋ ನಿಂಗೆ? ಮಾತಾಡೇ!"

ಪಂಪು ಮಾಮ ಓಡಿ ಬಂದ. "ನೆರಳು ಗೆದ್ದುಬಿಡ್ತಲ್ಲಪ್ಪಾ! ಸೂರ್ಯ ಎಲ್ಲಿ ಹುಟ್ಟಿದ್ದಾನೆ ಇವತ್ತು?" ಎಂದವನು ಅಕ್ಕನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಅವನ ಹಿಂದೆಯೇ ಬೂದು ಕೋಟಿನ ಹೆಂಗಸು ಬಂದಳು. ಕೊರಳಲ್ಲಿ ಗುರುತಿನ ಚೀಟಿ. "ಹೆಂಗಸರಲ್ಲಿ ಗೆದ್ದವರು ನೀವಾ? ಔಷಧ ತಪಾಸಣೆಯಿಂದ ಬಂದಿದ್ದೀನಿ. ಇನ್ನು ಪರೀಕ್ಷೆ ಮುಗಿಯೋವರೆಗೂ ನನ್ನ ಕಣ್ಣ ಮುಂದೇನೇ ಇರ್ಬೇಕು. ಬನ್ನಿ."

ನನ್ನ ಹ್ಯಾಂಡಲಿನ ಮೇಲಿದ್ದ ಅಕ್ಕನ ಕೈ ಸಡಿಲವಾಯಿತು. ಅವರು ಆ ಹೆಂಗಸನ್ನು ನೋಡಿದರು, ವ್ಯಾನನ್ನು ನೋಡಿದರು, ಆಮೇಲೆ ನನ್ನನ್ನು. ರಸ್ತೆಯಲ್ಲಿ ಯಾವಾಗಲೂ ಬೆನ್ನು ನೋಡಿದವಳಿಗೆ ಅವತ್ತು ಮುಖ ಸಿಕ್ಕಿತು. ಆಪರೇಷನ್ ಆದ ವಾರದ ಬಿಳಿ ಮುಖ. ನಾನು ತಲೆ ತಗ್ಗಿಸಿ ಆ ಹೆಂಗಸಿನ ಹಿಂದೆ ಹೋದೆ.

ಮುಂದಿನದು ನನ್ನ ಬಾಳಿನ ಅತಿ ಉದ್ದದ ಎರಡು ಗಂಟೆ. ಶೌಚಾಲಯದ ಬಾಗಿಲು ತೆರೆದೇ ಇರಬೇಕಂತೆ, ಆ ಹೆಂಗಸು ಎದುರಿಗೆ ನಿಂತು ನೋಡುತ್ತಿರಬೇಕಂತೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲಾಗದವಳು ಇದಕ್ಕೆ ಹೇಗೆ ಉತ್ತರ ಕೊಡಲಿ? ಮೂರು ಬಾಟಲಿ ನೀರು ಕುಡಿದೆ. ಏನೂ ಆಗಲಿಲ್ಲ.

"ನಾಚ್ಕೋಬೇಡಮ್ಮ, ನಾನು ಗೋಡೆ ಅಂದ್ಕೋ," ಅಂದಳು ಅವಳು. ನಲ್ಲಿ ಬಿಟ್ಟಳು.

"ಗೋಡೆ ಮಾತಾಡಲ್ಲ ಮೇಡಂ," ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಅವಳು ಎಷ್ಟು ನಕ್ಕಳೆಂದರೆ ನನಗೂ ನಗು ಬಂತು, ಕೆಲಸವೂ ಆಯಿತು.

ಆಮೇಲೆ ಎರಡು ಗಾಜಿನ ಸೀಸೆ, ಮೊಹರು, ಒಂದು ಅರ್ಜಿ. ವಾರದಲ್ಲಿ ತೆಗೆದುಕೊಂಡ ಔಷಧಿ ಏನು ಎಂದು ಕೇಳಿದಳು. ಏನೂ ಇಲ್ಲ ಅಂದೆ. "ಗೆಲ್ತೀನಿ ಅಂದ್ಕೊಂಡಿದ್ರಾ?" ಎಂದಳು, ಅರ್ಜಿಗೆ ಅಲ್ಲ, ಸುಮ್ಮನೆ.

"ಇಲ್ಲ ಮೇಡಂ."

ಹೊರಗೆ ಬರುವಾಗ ರಸ್ತೆ ಖಾಲಿ. ಕಟಕಟೆಗಳನ್ನು ಬಿಚ್ಚಿ ಲಾರಿಗೆ ಹಾಕಿದ್ದರು. ಅಕ್ಕ ಒಬ್ಬರೇ ಕೆಂಪು ಗೇಟಿನ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ನನ್ನ ಸೈಕಲ್ಲು, ಅವರ ಸೈಕಲ್ಲು, ಎರಡನೇ ಬಹುಮಾನದ ಟೇಬಲ್ ಫ್ಯಾನಿನ ರಟ್ಟಿನ ಪೆಟ್ಟಿಗೆ. ಟೀಚರಮ್ಮನಿಗೆ ಮೂರನೇ ಬಹುಮಾನ ಟವೆಲ್ಲು ಸಿಕ್ಕಿತ್ತು. ನಾನು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತೆ.

"ಯಾವಾಗಿಂದ ಗೊತ್ತು?" ಅಂದರು.

"ಚಳಿ ಶುರುವಾದಾಗಿಂದ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಏಳನೇ ಕಂಬದಲ್ಲಿ ನೀವು ಬಾಯಿ ತೆಗೀಲಿಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಹೇಳಿದೆ. ಉಸಿರು, ಭುಜ, ಕತ್ತು. ಒಂದೇ ಉಸಿರಿಗೆ ಅಷ್ಟು ಮಾತು ನಾನು ಯಾವತ್ತೂ ಆಡಿರಲಿಲ್ಲ. ಅಕ್ಕ ನಗಲು ಹೋಗಿ ಕಣ್ಣು ಒರೆಸಿಕೊಂಡರು.

"ಆರು ಮುಗಿದಾಗ ನಿಲ್ಲಿಸ್ಬೇಕು ಅಂತಾನೇ ಇದ್ದೆ ಕಣೆ. ಹಾಸಿಗೇಲಿ ಬಿದ್ದಿದ್ದಾಗ ಕಾಲು ನನ್ನದೇ ಅಲ್ಲ ಅನ್ಸಿತ್ತು. ಮತ್ತೆ ಬಂತಲ್ಲ, ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ..." ಫ್ಯಾನಿನ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. "ಇವತ್ತು ನನ್ನ ಮಾನ ಉಳಿಸಿದೆ ನೀನು."

ಇಲ್ಲಿಗೆ ಸುಮ್ಮನಾಗಬಹುದಿತ್ತು. ಸುಮ್ಮನಿರುವುದು ನನಗೆ ಕಷ್ಟವಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೆ ಆ ರಟ್ಟಿನ ಪೆಟ್ಟಿಗೆ ಕಣ್ಣ ಮುಂದೆ ಇತ್ತು.

"ಅಕ್ಕಾ, ಆ ಫ್ಯಾನು ನಿಮ್ದಲ್ಲ."

ಅವರು ನನ್ನನ್ನು ನೋಡಿದರು. ಕೆನ್ನೆಗೆ ಹೊಡೆದಿದ್ದರೂ ಹಾಗೆ ನೋಡುತ್ತಿರಲಿಲ್ಲವೇನೋ. ಎದ್ದು, ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೊರಟುಹೋದರು. ಹಿಂದೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಸೋಮವಾರ ಅಕ್ಕ ಸೂಪರ್‌ವೈಸರನಿಗೆ ಹೇಳಿ ಪ್ರೆಸ್ಸಿನ ಕಡೆ ಕೆಲಸ ಹಾಕಿಸಿಕೊಂಡಿದ್ದರು. ನನ್ನ ಎದುರಿಗೆ ಹೊಸಬಳೊಬ್ಬಳು ಬಂದಳು. ನಾನು ಎಳೆದಾಗ ಅವಳು ನಡೆಯುತ್ತಾಳೆ, ನಾನು ನಡೆದಾಗ ಎಳೆಯುತ್ತಾಳೆ. ಮೂಲೆಗೆ ಮೂಲೆ ಸೇರಲೇ ಇಲ್ಲ. "ಏನು ಶೀಟೋ, ಸಮೋಸಾನೋ?" ಅಂತ ಸೂಪರ್‌ವೈಸರ್ ಬೈದ. ಕಪಾಟಿನಲ್ಲಿ ಫ್ಲಾಸ್ಕು ಇರಲಿಲ್ಲ. ಬಿಟ್ಟರೋ, ನನಗೆ ಕಾಣದ ಕಡೆ ಇಟ್ಟರೋ ತಿಳಿಯಲಿಲ್ಲ. ಬೆಳಗ್ಗೆ ಅಭ್ಯಾಸಕ್ಕೆ ನಾವು ಸೇರುವ ಮೂಲೆಯ ಅಂಗಡಿಯ ಹತ್ತಿರ ಐದೂವರೆಗೆ ಹೋಗಿ ಕಾದೆ. ಮಂಗಳವಾರ, ಗುರುವಾರ. ಬರಲಿಲ್ಲ.

"ಜಗಳ ಆಡಿದ್ರಾ?" ಅಂದರು ಅಮ್ಮ.

"ಇಲ್ಲ."

"ಜಗಳ ಆಡೋಕೂ ಬಾಯಿ ಬೇಕಲ್ವಾ, ನಿನಗೆಲ್ಲಿಂದ ಬರ್ಬೇಕು."

ಶನಿವಾರ ಟ್ಯೂಬು ತರಲು ಅಂಗಡಿಗೆ ಹೋದೆ. ಪಂಪು ಮಾಮ ಸ್ಟೂಲಿನ ಮೇಲೆ ಕೂತಿದ್ದ. ಎಂದಿನ ತಮಾಷೆ ಮಾಡಲಿಲ್ಲ.

"ನಿಮ್ಮಕ್ಕ ಬಂದಿದ್ಲು," ಅಂದ. "ನನ್ನೆದುರಿಗೇ ಟೀಚರಮ್ಮಂಗೆ ಫೋನ್ ಮಾಡಿ ಕರೆಸಿದ್ಲು. ಫ್ಯಾನು ಅವಳ ಕೈಗೆ ಕೊಟ್ಟು, ಇದು ನಿಂದು, ನಾನು ಇಂಜೆಕ್ಷನ್ ತಗೊಂಡು ತುಳಿದಿದ್ದು ಅಂದ್ಲು. ನಾನು ತಮಾಷೆ ಅಂದ್ಕೊಂಡೆ. ಕಾಗದ ಬರೆದು ಸಹಿ ಹಾಕಿ ತಂದಿದ್ಲು, ಸಂಘಕ್ಕೆ ಕಳಿಸು ಅಂತ. ಕಳಿಸಿದ್ರೆ ವರ್ಷಗಟ್ಟಲೆ ರೇಸಿಲ್ಲ ನಿಂಗೆ, ಹರಿದು ಹಾಕ್ತೀನಿ ಅಂದೆ. ಹರಿದ್ರೆ ಇನ್ನೊಂದು ಬರೀತೀನಿ ಮಾಮ, ನನ್ನ ಕೈಬರಹ ನೆಟ್ಟಗಿಲ್ಲ, ಸುಮ್ನೆ ಶ್ರಮ ಕೊಡ್ಬೇಡ ಅಂದ್ಲು." ಅವನು ಎಣ್ಣೆ ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದ. "ಕಳಿಸ್ದೆ. ಇನ್ನೇನು ಮಾಡ್ಲಿ."

"ಟೀಚರಮ್ಮ ಏನಂದ್ರು?"

"ಅವಳಾ? ಬೈದ್ಲು. ಸರಿಯಾಗಿ ಬೈದ್ಲು. ನಾನು ಸೈಕಲ್ ಮಾರೋಕೆ ಹೊರಟಿದ್ದೆನಲ್ಲೇ ಪಾಪಿ ಅಂದ್ಲು. ಆಮೇಲೆ ಇಬ್ರೂ ಕೂತು ಅತ್ತರು. ಗಿರಾಕಿ ಬಂದೋನು ಯಾರೋ ಸತ್ತಿದ್ದಾರೆ ಅಂದ್ಕೊಂಡು ವಾಪಸ್ ಹೋದ."

ಅಂಗಡಿಯಲ್ಲಿ ಬಾಯಿಗೆ ಬಂದಂತೆ ಆಡಿಕೊಂಡವರಿದ್ದರು. ಪಟ್ಟಿಯ ಪಕ್ಕ ಯಾರೋ ಸಿರಿಂಜಿನ ಚಿತ್ರವನ್ನೂ ಗೀಚಿದ್ದರು. ಅದನ್ನು ಸೀಮೆಎಣ್ಣೆ ಹಚ್ಚಿ ಅಳಿಸಿದ್ದು ಟೀಚರಮ್ಮ. ಅಕ್ಕ ಆ ಕಡೆ ಹೋಗಲಿಲ್ಲ.

ಮೂರು ವಾರಕ್ಕೆ ನನ್ನ ಪರೀಕ್ಷೆಯ ಕಾಗದ ಬಂತು. ಏನೂ ಸಿಕ್ಕಿಲ್ಲ ಎಂದಿತ್ತು. ಅಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, "ಶಾಲೆಯೋರು ಒಂದೂ ಕೊಡ್ಲಿಲ್ಲ, ನಿನ್ನ ಉಚ್ಚೆಗೆ ಸರ್ಟಿಫಿಕೇಟು ಬಂತಲ್ಲೇ" ಎಂದು ಗೋಡೆಗೆ ಅಂಟಿಸಿದರು.

ಅದರ ಮರುದಿನ ಲಾಂಡ್ರಿಯಲ್ಲಿ ಶೀಟು ಎಳೆದೆ. ಆ ಕಡೆಯ ಎಳೆತ ಗುರುತಿನದು. ತಲೆ ಎತ್ತಿದರೆ ಅಕ್ಕ. ಒದರಿದೆವು, ಮಡಿಸಿದೆವು, ನಡೆದು ಬಂದೆವು. ಮೂಲೆಗೆ ಮೂಲೆ ಕೊಡುವಾಗ, "ನಾಳೆ ಐದೂವರೆ," ಅಂದರು.

"ನಿಮಗೆ ರೇಸಿಲ್ಲವಲ್ಲ ಅಕ್ಕಾ."

"ರೇಸಿಲ್ಲ. ರಸ್ತೆ ಬೇಡ ಅಂತ ಯಾರೂ ಹೇಳಿಲ್ಲ."

ಬೆಳಗ್ಗೆ ಮೂಲೆಯ ಅಂಗಡಿಯ ಹತ್ತಿರ ಅವರು ನಿಂತಿದ್ದರು. ನಾನು ಎಂದಿನಂತೆ ಅವರ ಹಿಂದೆ ಹೋಗಿ ನಿಂತೆ. ಅವರು ತಿರುಗಿ, "ಅಲ್ಲಲ್ಲ. ಮುಂದೆ ಹೋಗು. ಇನ್ಮೇಲೆ ಗಾಳಿ ನೀನು ತಿನ್ನು" ಅಂದರು.

ಅವರು ಜೊತೆಗಿದ್ದೂ ಅವರ ಬೆನ್ನಿಲ್ಲದೆ ಆ ರಸ್ತೆ ನೋಡಿದ್ದು ಅದೇ ಮೊದಲು. ಸೇತುವೆಯ ಹತ್ತಿರ ಗುಂಡಿ ಇತ್ತು, ಕೈ ತೋರಿಸಿದೆ. ಟ್ಯಾಂಕಿನ ಏರು ಶುರುವಾಯಿತು. ಎರಡು, ಮೂರು, ನಾಲ್ಕು. ಐದನೆಯ ಕಂಬಕ್ಕೇ ಹಿಂದೆ "ಹಾ" ಎಂಬ ಸದ್ದು ಬಂತು. ಏಳನೆಯದಕ್ಕೆ ಅದು ಹರಿದ ಬಟ್ಟೆಯ ಹಾಗಾಯಿತು. ಭುಜ ತೂಗುತ್ತಿರಬೇಕು, ಸೈಕಲ್ಲು ಕಿರ್ ಕಿರ್ ಅನ್ನುತ್ತಿತ್ತು. ನನಗೆ ತಿಳಿಯದೆ ಕಾಲು ಹಗುರ ಮಾಡಿದೆ.

"ಏಯ್," ಅಂತ ಹಿಂದಿನಿಂದ ಕೂಗಿದರು, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಾ. "ನಿಧಾನ... ಮಾಡಿದ್ರೆ... ಒದೀತೀನಿ ನೋಡು."

ನಾನು ಮತ್ತೆ ಜೋರಾಗಿ ತುಳಿದೆ. ಎಂಟನೆಯ ಕಂಬಕ್ಕೂ ಆ ಉಸಿರು ಕೇಳಿಸುತ್ತಿತ್ತು.